ಟೈರ್ ದೊಡ್ಡದಾಯಿತು, ಇನ್ನು ಕ್ರೌನ್-ಪಿನಿಯನ್ ಯಾವುದು?

ಜೀಪು, ಥಾರ್‌ನಂಥ ಗಾಡಿಗೆ ದೊಡ್ಡ ಟೈರ್ ಹಾಕಿಸಿದ ಮೊದಲ ವಾರ ನೋಡಲು ಚಂದ. ಎರಡನೇ ವಾರ ಬೆಂಗಳೂರಿನ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಕ್ಲಚ್ ಅರ್ಧ ಒತ್ತಿಕೊಂಡೇ ತೆವಳಬೇಕಾಗುತ್ತದೆ. ಫ್ಲೈಓವರ್ ಏರುವಾಗ ನಾಲ್ಕನೇ ಗೇರ್ ಸಾಲದೆ ಮೂರಕ್ಕೆ ಇಳಿಯಬೇಕು. ತುಮಕೂರು ರಸ್ತೆಗೆ ಬಿದ್ದ ಮೇಲೂ ಆರನೇ ಗೇರ್ ನಿಲ್ಲುವುದಿಲ್ಲ. ಇಂಜೆಕ್ಟರ್ ತೊಳೆಸಿ, ಫಿಲ್ಟರ್ ಬದಲಿಸಿ ನೋಡುವವರಿದ್ದಾರೆ. ಎಂಜಿನ್ನಿನಲ್ಲಿ ದೋಷವೇ ಇಲ್ಲ. ಟೈರಿನ ಸುತ್ತಳತೆ ಹೆಚ್ಚಾದಷ್ಟೂ ಗಾಡಿಯ ಎಲ್ಲ ಗೇರುಗಳೂ ಒಟ್ಟಿಗೆ ಉದ್ದವಾಗುತ್ತವೆ. ಅದನ್ನು ಮತ್ತೆ ಹಳೆಯ ಮಟ್ಟಕ್ಕೆ ತರಲು ಇರುವ ನೇರ ದಾರಿ ಆಕ್ಸಲ್ (ಚಕ್ರಗಳ ಅಚ್ಚು) ಒಳಗಿನ ಕ್ರೌನ್-ಪಿನಿಯನ್, ಅಂದರೆ ಒಂದಕ್ಕೊಂದು ಕಚ್ಚಿಕೊಂಡ ದೊಡ್ಡ-ಚಿಕ್ಕ ಗೇರಿನ ಜೋಡಿ, ಬದಲಿಸುವುದು.

ರೇಶಿಯೋ 4.10 ಎಂದರೆ ಚಕ್ರ ಒಂದು ಸುತ್ತು ತಿರುಗಲು, ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ 4.10 ಸುತ್ತು ತಿರುಗಬೇಕು. ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 10. ಸಂಖ್ಯೆ ದೊಡ್ಡದಾದಷ್ಟು ಎಳೆತ ಹೆಚ್ಚು, ಓಟ ಕಡಿಮೆ. ಗ್ಯಾರೇಜಿನಲ್ಲಿ 'ಹೈ', 'ಲೋ' ಎಂದು ಮಾತಾಡಿದರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ಹಾಗಾಗಿ ಯಾವಾಗಲೂ ಸಂಖ್ಯೆಯನ್ನೇ ಹೇಳಿ. ಆರ್ಡರ್ ಕೊಡುವಾಗ ಹಲ್ಲಿನ ಎಣಿಕೆಯನ್ನೂ ಸೇರಿಸಿ ಬರೆದುಕೊಡಿ.

ಮೊದಲು ಅಳತೆ

ಟೈರಿನ ಪಕ್ಕದಲ್ಲಿ ಬರೆದ ಅಂಕಿಗಳಿಂದ ವ್ಯಾಸ ಸಿಗುತ್ತದೆ. ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ. ಟೈರಿನ ಅಗಲವನ್ನು ಶೇಕಡಾ ಅಂಕಿಯಿಂದ ಗುಣಿಸಿ 100ರಿಂದ ಭಾಗಿಸಿ, ಅದರ ಎರಡರಷ್ಟನ್ನು ಮೊದಲಿನದಕ್ಕೆ ಕೂಡಿಸಿ. 245/75 ಆರ್16 ಟೈರಿಗೆ (ಅಗಲ 245 ಮಿ.ಮೀ., ಶೇಕಡಾ ಅಂಕಿ 75, ರಿಮ್ 16 ಇಂಚು) ಇದು 406.4 ಕೂಡಿಸು 367.5, ಅಂದರೆ 773.9 ಮಿ.ಮೀ. ಅದೇ ರಿಮ್ಮಿಗೆ 265/75 ಹಾಕಿದರೆ 803.9. 285/75 ಹಾಕಿದರೆ 833.9, ಅಂಗಡಿಯವರು 'ಮೂವತ್ಮೂರು ಇಂಚು' ಎನ್ನುವುದು ಇದನ್ನೇ, ನಿಜದಲ್ಲಿ 32.8.

ಇದು ಕಾಗದದ ಲೆಕ್ಕ. ಒಂದೇ ಸೈಜ್ ಬರೆದ ಎರಡು ಕಂಪನಿಗಳ ಟೈರ್ ಪಕ್ಕಪಕ್ಕ ನಿಲ್ಲಿಸಿದರೆ ಹತ್ತು-ಹದಿನೈದು ಮಿ.ಮೀ. ವ್ಯತ್ಯಾಸ ಕಾಣುವುದುಂಟು. ಗಾಡಿಯ ಭಾರಕ್ಕೆ ಟೈರ್ ತಳ ಚಪ್ಪಟೆಯಾಗುವುದರಿಂದ ಉರುಳುವ ವ್ಯಾಸ ಇನ್ನೂ ಎರಡು-ಮೂರು ಶೇಕಡಾ ಕಡಿಮೆ. ಅಳೆದೇ ನೋಡುವುದಾದರೆ ಸಮತಟ್ಟಾದ ಪಾರ್ಕಿಂಗ್ ಜಾಗ, ಒಂದು ಚಾಕ್‌ಪೀಸು, ಮೂವತ್ತು ಮೀಟರಿನ ಟೇಪು ಸಾಕು. ಗಾಳಿಯನ್ನು ನೀವು ದಿನವೂ ಇಟ್ಟುಕೊಳ್ಳುವ ಮಟ್ಟಕ್ಕೆ ತನ್ನಿ. ಟೈರ್ ನೆಲಕ್ಕೆ ತಾಗುವ ಜಾಗದಲ್ಲಿ ಟೈರಿನ ಮೇಲೂ ನೆಲದ ಮೇಲೂ ಗೆರೆ ಎಳೆಯಿರಿ. ಚಕ್ರ ಸರಿಯಾಗಿ ಹತ್ತು ಸುತ್ತು ಉರುಳುವಂತೆ ಗಾಡಿಯನ್ನು ನೇರ ಮುಂದಕ್ಕೆ ಬಿಡಿ, ಮತ್ತೆ ಗೆರೆ ಎಳೆದು ಅಂತರ ಅಳೆಯಿರಿ. ಅದನ್ನು 31.416ರಿಂದ ಭಾಗಿಸಿದರೆ ಉರುಳುವ ವ್ಯಾಸ. ಹಳೆಯ ಟೈರ್ ಕಳಚುವ ಮೊದಲೇ ಅದರ ಅಳತೆಯನ್ನೂ ಹೀಗೆ ತೆಗೆದಿಡಿ. ಒಂದನ್ನು ಚಾಕ್‌ಪೀಸಿನಿಂದ, ಇನ್ನೊಂದನ್ನು ಟೈರಿನ ಅಂಕಿಯಿಂದ ಅಳೆದು ಹೋಲಿಸಿದರೆ ಮೂರು ಶೇಕಡಾ ತಪ್ಪು ಅಲ್ಲೇ ನುಸುಳುತ್ತದೆ.

ಈಗ ಆಕ್ಸಲ್‌ನಲ್ಲಿ ಯಾವ ರೇಶಿಯೋ ಇದೆ ಎಂಬುದನ್ನು ಅಂದಾಜಿನಿಂದ ಹೇಳಬೇಡಿ. ಒಂದೇ ಮಾಡೆಲ್ಲಿನಲ್ಲಿ ಪೆಟ್ರೋಲ್‌ಗೊಂದು, ಡೀಸೆಲ್‌ಗೊಂದು, ಆಟೋಮ್ಯಾಟಿಕ್‌ಗೊಂದು ಇರಬಹುದು. ಹಳೇ ಜೀಪುಗಳಲ್ಲಂತೂ ಮೂವತ್ತು ವರ್ಷದಲ್ಲಿ ಯಾರು ಯಾವ ಆಕ್ಸಲ್ ಹೌಸಿಂಗ್ (ಹೊರಕವಚ) ತಂದು ಕೂರಿಸಿದ್ದಾರೋ ದೇವರೇ ಬಲ್ಲ. ಹೀಗೆ ನೋಡಿ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಟೂ ವೀಲ್ ಡ್ರೈವ್‌ಗೆ ಹಾಕಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕಿನ ಮೇಲೆ ಗಾಡಿ ಇರುವಾಗ ಕೆಳಗೆ ತಲೆ ಹಾಕಬೇಡಿ. ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಗುರುತು ಹಾಕಿ. ಒಬ್ಬರು ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಲಿ, ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಒಂದು ಚಕ್ರ ನೆಲದಲ್ಲೇ ನಿಂತಿರುವುದರಿಂದ ಎತ್ತಿದ ಚಕ್ರದ 20 ಸುತ್ತಿಗೆ ಕ್ರೌನ್ 10 ಸುತ್ತು ಮಾತ್ರ ತಿರುಗುತ್ತದೆ. ಶಾಫ್ಟ್ 41 ಸುತ್ತು ಬಂದರೆ 4.10. 37ಕ್ಕಿಂತ ಸ್ವಲ್ಪ ಹೆಚ್ಚು ಬಂದರೆ 3.73, ಅಂದರೆ 41/11. ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಇರುವಲ್ಲಿ ಸ್ಪೂಲ್, ಅಂದರೆ ಎರಡನ್ನೂ ಸದಾ ಒಟ್ಟಿಗೆ ತಿರುಗಿಸುವ ತುಂಡು, ಇದ್ದರೆ ಅಥವಾ ಲಾಕ್ ಬಿದ್ದಿದ್ದರೆ ಈ ವಿಧಾನ ನಡೆಯದು; ಎರಡೂ ಚಕ್ರ ಎತ್ತಿ, ಎರಡನ್ನೂ ಒಟ್ಟಿಗೆ 10 ಸುತ್ತು ತಿರುಗಿಸಿ.

ಲೆಕ್ಕ

ಹಳೇ ಎಳೆತ ಮರಳಿ ಬೇಕಾದರೆ: ಹೊಸ ರೇಶಿಯೋ = ಹಳೇ ರೇಶಿಯೋ × ಹೊಸ ವ್ಯಾಸ ÷ ಹಳೇ ವ್ಯಾಸ.

4.10 ಇರುವ ಗಾಡಿ 245/75ರಿಂದ 285/75ಕ್ಕೆ ಹೋದರೆ 4.10 × 833.9 ÷ 773.9, ಸುಮಾರು 4.42. ಅಂಥ ಸೆಟ್ ಅಂಗಡಿಯಲ್ಲಿ ಸಿಗುವುದಿಲ್ಲ. ಡಾನಾ (ಆಕ್ಸಲ್ ತಯಾರಿಸುವ ಕಂಪನಿ) ಬಗೆಯ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಮೆಟ್ಟಿಲುಗಳು 3.73, 4.10, 4.56 (41/9), 4.88 (39/8), 5.13 (41/8), 5.38 (43/8). 4.42ಕ್ಕೆ ಹತ್ತಿರದ ಮೇಲಿನ ಮೆಟ್ಟಿಲು 4.56. ಎರಡರ ನಡುವೆ ಸಿಕ್ಕಿಕೊಂಡಾಗ ಮೇಲಿನ ಸಂಖ್ಯೆಗೇ ಹೋಗಿ. ವ್ಯಾಸದ ಜೊತೆಗೆ ತೂಕವೂ ಏರಿರುತ್ತದೆ: ಮಡ್ ಟೈರ್ ಒಂದೊಂದೂ ಏಳೆಂಟು ಕಿಲೋ ಹೆಚ್ಚು ತೂಗುವುದು ಮಾಮೂಲು. ಉಕ್ಕಿನ ಬಂಪರ್, ವಿಂಚ್, ಛಾವಣಿಯ ಮೇಲಿನ ರ‍್ಯಾಕ್ ಇವೆಲ್ಲ ಆಮೇಲೆ ಬಂದು ಸೇರುತ್ತವೆ. ಸುತ್ತಳತೆಯ ಲೆಕ್ಕ ಇವನ್ನು ಗಣನೆಗೆ ತೆಗೆದುಕೊಂಡಿರುವುದಿಲ್ಲ.

ಇಲ್ಲಿಗೇ ನಿಲ್ಲಿಸಿ ಸೆಟ್ ಕೊಂಡುಬಿಡುವವರೇ ಹೆಚ್ಚು. ಅದು ತಪ್ಪು. ಈ ಸೂತ್ರ ಹಳೇ ಗಾಡಿಯ ನಡತೆಯನ್ನು ಮರಳಿಸುತ್ತದೆ; ಆ ನಡತೆ ನಿಮ್ಮ ಓಡಾಟಕ್ಕೆ ಸರಿಯಿತ್ತೇ ಎಂದು ಕೇಳುವುದಿಲ್ಲ. ಅದನ್ನು ಎಂಜಿನ್ ಸುತ್ತುಗಳಿಂದ ಪರೀಕ್ಷಿಸಬೇಕು:

ಆರ್‌ಪಿಎಮ್ = ವೇಗ × ಆಕ್ಸಲ್ ರೇಶಿಯೋ × ಗೇರ್ ರೇಶಿಯೋ × 5305 ÷ ಟೈರ್ ವ್ಯಾಸ.

ವೇಗ ಗಂಟೆಗೆ ಕಿ.ಮೀ. ಲೆಕ್ಕದಲ್ಲಿ, ವ್ಯಾಸ ಮಿ.ಮೀ.ನಲ್ಲಿ. ಗೇರ್ ರೇಶಿಯೋ ಕೈಪಿಡಿಯಲ್ಲಿರುತ್ತದೆ. ಟಾಪ್ ಗೇರ್ 0.80 ಎಂದಿಟ್ಟುಕೊಂಡರೆ ಮೇಲಿನ ಗಾಡಿ ಹಳೇ ಟೈರಿನಲ್ಲಿ 80ರಲ್ಲಿ ಸುಮಾರು 1800 ಆರ್‌ಪಿಎಮ್ ತಿರುಗುತ್ತಿತ್ತು. ಹೊಸ ಟೈರಿನಲ್ಲಿ ಅದು 1670ಕ್ಕೆ ಬೀಳುತ್ತದೆ. 4.56 ಹಾಕಿದರೆ 1855, 4.88 ಹಾಕಿದರೆ 1985. ವೇಗ 100ಕ್ಕೆ ಏರಿದರೆ ಇವೇ 2250, 2085, 2320, 2485 ಆಗುತ್ತವೆ.

ಈ ಅಂಕಿಗಳನ್ನು ನಿಮ್ಮ ಎಂಜಿನ್ನಿನ ಟಾರ್ಕ್ (ತಿರುಚುವ ಬಲ) ಪಟ್ಟಿಯ ಪಕ್ಕದಲ್ಲಿಡಿ. 2020ರ ಥಾರ್‌ನ 2.2 ಲೀಟರ್ ಡೀಸೆಲ್ 300 ನ್ಯೂಟನ್ ಮೀಟರ್ ಕೊಡುವುದು 1600ರಿಂದ 2800ರ ನಡುವೆ. ಅಂಥ ಎಂಜಿನ್ 1670ರಲ್ಲಿ ಪಟ್ಟಿಯ ಅಂಚಿನಲ್ಲಿ ನಿಂತಿರುತ್ತದೆ: ಸಮತಟ್ಟು ರಸ್ತೆಯಲ್ಲಿ ಪರವಾಗಿಲ್ಲ, ನೆಲಮಂಗಲ ದಾಟಿ ಚಿಕ್ಕ ಏರು ಬಂದರೆ 1600ರ ಕೆಳಗೆ ಜಾರಿ ಟರ್ಬೋ ಉಸಿರು ಬಿಡುತ್ತದೆ, ಗೇರ್ ಇಳಿಸಬೇಕು. 1855 ಆರಾಮದ ಜಾಗ. 1985 ಕೂಡ ತಪ್ಪಲ್ಲ, ಆದರೆ ಹೆದ್ದಾರಿಯಲ್ಲಿ ಸದ್ದೂ ಡೀಸೆಲ್ ಖರ್ಚೂ ಏರುತ್ತವೆ. ವಾರವಿಡೀ ರಿಂಗ್ ರೋಡು, ತಿಂಗಳಿಗೊಮ್ಮೆ ಸಕಲೇಶಪುರ ಎನ್ನುವ ಗಾಡಿಗೆ 4.56 ಸಾಕು. ವಿಂಚು, ರ‍್ಯಾಕು ಎಲ್ಲ ಏರಿಸಿಕೊಂಡು ಬಿಸಿಲೆ, ಮಡಿಕೇರಿ ಕಡೆಯ ಕೆಸರಿನಲ್ಲೇ ಹೆಚ್ಚು ಹೊತ್ತು ಕಳೆಯುವ ಗಾಡಿಗೆ 4.88 ಯೋಚಿಸಬಹುದು.

ಟರ್ಬೋ ಇಲ್ಲದ ಪೆಟ್ರೋಲ್ ಗಾಡಿಗಳಿಗೆ ಊರಿನ ಎತ್ತರವನ್ನೂ ಸೇರಿಸಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಕರಾವಳಿಗಿಂತ ಹತ್ತಿರಹತ್ತಿರ ಒಂಬತ್ತು ಶೇಕಡಾ ತೆಳು. ಮಂಗಳೂರಿನಲ್ಲಿ ಚುರುಕಾಗಿ ಎಳೆಯುವ ಅದೇ ಜಿಪ್ಸಿ ಇಲ್ಲಿ ಸುಸ್ತು ಎನಿಸುವುದಕ್ಕೆ ಇದೇ ಕಾರಣ. ಅಂಥ ಗಾಡಿಗೆ ಲೆಕ್ಕದಲ್ಲಿ ಬಂದದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗುವುದು ಅತಿಯಲ್ಲ. ಟರ್ಬೋ ಡೀಸೆಲ್ ಈ ಕೊರತೆಯನ್ನು ಬಹುಮಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ.

ಕಲ್ಲು, ಕೆಸರಿನ ವೇಗ ಬೇರೆ ಲೆಕ್ಕ. ಮೊದಲ ಗೇರ್, ಟ್ರಾನ್ಸ್‌ಫರ್ ಕೇಸಿನ (ಮುಂದಿನ-ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್‌ಪೆಟ್ಟಿಗೆ) ಲೋ, ಆಕ್ಸಲ್ ಮೂರರ ರೇಶಿಯೋಗಳನ್ನೂ ಗುಣಿಸಿ. 3.9 × 2.5 × 4.10 ಎಂದರೆ 40. ಐಡಲ್ 800ರಲ್ಲಿ ಹಳೇ ಟೈರಿಗೆ ಇದು ಗಂಟೆಗೆ 2.9 ಕಿ.ಮೀ.; ದೊಡ್ಡ ಟೈರಿಗೆ 3.1, 4.56 ಹಾಕಿದರೆ 2.8. ನೋಡಲು ಚಿಲ್ಲರೆ ವ್ಯತ್ಯಾಸ. ಆದರೆ ಕಲ್ಲಿನ ಇಳಿಜಾರಿನಲ್ಲಿ ಎಂಜಿನ್ ಹಿಡಿತ ಬಿಟ್ಟು ಬ್ರೇಕಿನ ಮೇಲೆ ಕಾಲಿಡುವಂತೆ ಮಾಡುವುದು ಇದೇ ಚಿಲ್ಲರೆ. ಬ್ರೇಕ್ ಒತ್ತಿದ ಕ್ಷಣ ಒದ್ದೆ ಮಣ್ಣಿನಲ್ಲಿ ಮುಂದಿನ ಚಕ್ರ ಜಾರುತ್ತದೆ.

ಬದಲಿಸಲೇಬೇಕೇ?

ವ್ಯಾಸ ಮೂರು ಶೇಕಡಾ ಏರಿದ್ದರೆ ಏನೂ ಮಾಡಬೇಡಿ. 265/75 ಹಾಕಿದರೆ ಏರಿಕೆ 3.9 ಶೇಕಡಾ, ಗೇರನ್ನು ಸ್ವಲ್ಪ ತಡವಾಗಿ ಏರಿಸುವ ಅಭ್ಯಾಸ ಮಾಡಿಕೊಂಡರೆ ಮುಗಿಯಿತು. ಏಳೆಂಟು ಶೇಕಡಾ ಎಂದರೆ ಗಾಡಿ, ಎಂಜಿನ್ ನೋಡಿ ತೀರ್ಮಾನಿಸುವ ಜಾಗ. ಹತ್ತು ದಾಟಿದರೆ ಕ್ಲಚ್ ಪ್ಲೇಟ್‌ಗಳಿಗೆ ದುಡ್ಡು ಸುರಿಯುವುದಕ್ಕಿಂತ ಒಂದೇ ಸಲ ಕ್ರೌನ್-ಪಿನಿಯನ್ ಬದಲಿಸುವುದು ಅಗ್ಗ. ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ ವಾಸನೆ ಬರುವುದಿಲ್ಲ. ಟಾರ್ಕ್ ಕನ್ವರ್ಟರ್ ಜಾರಿ ಗೇರ್‌ಬಾಕ್ಸ್ ಆಯಿಲ್ ಕಾಯುತ್ತದೆ. ಗೇರು ಮೇಲೆ ಕೆಳಗೆ ಹುಡುಕಾಡುತ್ತಿದ್ದರೆ ಅದೇ ಸೂಚನೆ.

5.38 ಇರುವ ಹಳೇ ಜೀಪಿನವರಿಗೆ ಈ ಇಡೀ ಲೆಕ್ಕ ತಲೆಕೆಳಗು. ವಿಲ್ಲೀಸ್ ಸಿಜೆ-3ಬಿ ಕಾಲದಿಂದ ಬಂದ ಆ ರೇಶಿಯೋ 6.00-16ರ ಸಣಕಲು ಟೈರಿಗೆ, ಹೊಲದ ಕೆಲಸಕ್ಕೆ ಮಾಡಿದ್ದು. ಓವರ್‌ಡ್ರೈವ್ ಇಲ್ಲದ, ಅಂದರೆ ರೇಶಿಯೋ 1.00ರ, ಟಾಪ್ ಗೇರಿನಲ್ಲಿ 80ಕ್ಕೆ ಎಂಜಿನ್ 3150 ಆರ್‌ಪಿಎಮ್ ಸುಮಾರಿಗೆ ಕಿರುಚುತ್ತಿರುತ್ತದೆ. 31 ಇಂಚಿನ ಟೈರ್ ಬಿದ್ದರೆ 2900ಕ್ಕೆ ಇಳಿದು ಗಾಡಿಯೂ ಕಿವಿಯೂ ನೆಮ್ಮದಿ ಕಾಣುತ್ತವೆ. ಅಲ್ಲಿ ಆಕ್ಸಲ್ ಮುಟ್ಟಬೇಡಿ.

ಜಿಪ್ಸಿಯದು ಮತ್ತೊಂದು ದಾರಿ. ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿ, ನಡುವೆ ಚಿಕ್ಕ ಶಾಫ್ಟ್ ಇಟ್ಟು ಕೂತಿದೆ. ಆ ಕೇಸಿನ ಒಳಗೇ ರಿಡಕ್ಷನ್ ಗೇರ್ ಬದಲಿಸಿದರೆ ಮುಂದಿನ, ಹಿಂದಿನ ಎರಡೂ ಆಕ್ಸಲ್ ಮುಟ್ಟದೆ ಕೆಲಸ ಆಗುತ್ತದೆ. ಎರಡು ಕಡೆ ಪಿನಿಯನ್ ಸೆಟ್ ಮಾಡುವ ತಲೆನೋವಿಲ್ಲ, ಪಿನಿಯನ್ ಗಾತ್ರವೂ ಕುಗ್ಗುವುದಿಲ್ಲ. ಒಂದು ಎಚ್ಚರ: ಕೆಲವು ಕಿಟ್‌ಗಳು ಲೋ ಮಾತ್ರ ಬದಲಿಸುತ್ತವೆ, ಹೈ ಹಾಗೇ ಉಳಿಯುತ್ತದೆ. ಊರೊಳಗಿನ ಸುಸ್ತು ಹೋಗಬೇಕಾದರೆ ಹೈ ಕೂಡ ಇಳಿಯುವ ಕಿಟ್ ಬೇಕು.

ಸೆಟ್ ಹುಡುಕುವುದು

ಇದನ್ನು ಟೈರ್ ಕೊಳ್ಳುವ ಮೊದಲೇ ಮಾಡಿ. ಫೋರ್ ವೀಲ್ ಗಾಡಿಗೆ ಹಿಂದಿನ, ಮುಂದಿನ ಎರಡೂ ಆಕ್ಸಲ್‌ಗೆ ಒಂದೇ ರೇಶಿಯೋ ಬೇಕು. ಜೆ.ಸಿ. ರಸ್ತೆಯಲ್ಲಿ ಹಿಂದಿನದು ಸಿಕ್ಕಿದ ಖುಷಿಯಲ್ಲಿ ಹಣ ಕೊಟ್ಟು ಬಂದು, ಮುಂದಿನದಕ್ಕೆ ಆರು ತಿಂಗಳು ಕಾಯುವ ಗಾಡಿಗಳಿವೆ. ಅಷ್ಟು ದಿನ ಫೋರ್ ವೀಲ್‌ಗೆ ಹಾಕುವಂತೆಯೇ ಇಲ್ಲ. 4.10ಕ್ಕೆ 4.09 ನಡೆಯುತ್ತದೆ, ಒಂದು ಶೇಕಡಾ ಒಳಗಿನ ವ್ಯತ್ಯಾಸವನ್ನು ಮಣ್ಣಿನಲ್ಲಿ ಟೈರ್ ಜಾರಿಸಿ ಸರಿದೂಗಿಸುತ್ತದೆ. ಹಿಂದೆ 4.56, ಮುಂದೆ 4.10 ಎಂದರೆ ಹನ್ನೊಂದು ಶೇಕಡಾ ಜಗ್ಗಾಟ. ಟ್ರಾನ್ಸ್‌ಫರ್ ಕೇಸಿನ ಚೈನೋ ಜಾಯಿಂಟೋ ಮೊದಲ ದಿನವೇ ಹೋಗುತ್ತದೆ. ಮುಂದಿನ ಆಕ್ಸಲ್‌ನ ಪಿನಿಯನ್ ಎತ್ತರದಲ್ಲಿ ಕೂರುವ ಬಗೆಯದಾದರೆ ಅದರ ಹಲ್ಲಿನ ಓರೆ ಉಲ್ಟಾ ಇರುತ್ತದೆ. ಹಿಂದಿನದರ ಸೆಟ್ ಅಳತೆ ಒಂದೇ ಇದ್ದರೂ ಅಲ್ಲಿಗೆ ಬಾರದು.

ಶಿವಾಜಿನಗರದ ಗುಜರಿಯಲ್ಲಿ ಹಳೇ ಸೆಟ್ ನೋಡುವಾಗ ಕ್ರೌನ್ ಅಂಚಿನಲ್ಲೂ ಪಿನಿಯನ್ ಮುಖದಲ್ಲೂ ಕೆತ್ತಿದ ನಂಬರ್ ಹುಡುಕಿ. ಎರಡೂ ಒಂದೇ ಆಗಿರಬೇಕು. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿ ಹೊಂದಿಸಿದ ದಂಪತಿ. ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಹಾಕಿದರೆ ಹಲ್ಲಿನ ಎಣಿಕೆ ಸರಿಯಿದ್ದರೂ ಸದ್ದು ನಿಲ್ಲುವುದಿಲ್ಲ. ಹಲ್ಲಿನ ಮೇಲೆ ಬೆರಳುಗುರು ಎಳೆದಾಗ ತಡೆಯುವ ಗುಳಿ ಕಂಡರೆ, ತುದಿಯಲ್ಲಿ ನೀಲಿ ಬಣ್ಣ ತಿರುಗಿದ್ದರೆ ವಾಪಸ್ ಇಡಿ. ಆಯಿಲ್ ಇಲ್ಲದೆ ಓಡಿದ ಗುರುತು ಅದು.

ಕ್ರೌನ್ ಕೂರುವ ಕ್ಯಾರಿಯರ್ ಬಗ್ಗೆಯೂ ಕೇಳಿ ತಿಳಿದುಕೊಳ್ಳಿ. ಪಿನಿಯನ್ ಚಿಕ್ಕದಾದಂತೆ ಕ್ರೌನ್ ಅದರ ಕಡೆಗೆ ಸರಿಯಬೇಕು, ಅದಕ್ಕೆ ದಪ್ಪ ಕ್ರೌನ್ ಅಥವಾ ಬೇರೆ ಕ್ಯಾರಿಯರ್ ಬೇಕಾಗುತ್ತದೆ. ಡಾನಾ 44ರಲ್ಲಿ 3.73ರವರೆಗೆ ಒಂದು ಕ್ಯಾರಿಯರ್, 3.92ರಿಂದ ಮೇಲೆ ಇನ್ನೊಂದು. ಲಾಕರ್ (ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್) ಹಾಕುವ ಯೋಚನೆ ಇದ್ದರೆ ಈಗಲೇ ಹಾಕಿ. ಹೌಸಿಂಗ್ ಎರಡು ಸಲ ಬಿಚ್ಚಿ ಎರಡು ಸಲ ಕೂಲಿ ಕೊಡುವುದೇಕೆ.

ಆಸೆ ಹೆಚ್ಚಾಗಿ 5.13ಕ್ಕೆ ಕೈ ಹಾಕುವವರಿಗೆ ಒಂದು ಮಾತು. 4.10ರ ಪಿನಿಯನ್‌ಗೆ ಹತ್ತು ಹಲ್ಲು, 5.13ರದಕ್ಕೆ ಎಂಟು. ಅದೇ ಹೌಸಿಂಗ್ ಒಳಗೆ ಪಿನಿಯನ್ ತಲೆ ಸಣ್ಣದಾಗುತ್ತದೆ, ಒಂದೇ ಸಮಯಕ್ಕೆ ಕಚ್ಚಿಕೊಂಡಿರುವ ಹಲ್ಲುಗಳೂ ಕಡಿಮೆ. ಭಾರದ ಟೈರ್, ಲಾಕರ್, ಚಿಕ್ಕ ಮುಂದಿನ ಆಕ್ಸಲ್ ಮೂರೂ ಸೇರಿದರೆ ಕಲ್ಲಿಗೆ ಸಿಕ್ಕಿದ ಚಕ್ರ ಬಿಡಿಸಲು ಆಕ್ಸಿಲರೇಟರ್ ತುಳಿದಾಗ ಹಲ್ಲು ಉದುರುತ್ತದೆ. ಹೆಚ್ಚಾಗಿ ರಿವರ್ಸ್‌ನಲ್ಲಿ, ಏಕೆಂದರೆ ಆಗ ಹಲ್ಲಿನ ದುರ್ಬಲ ಬದಿಗೆ ಭಾರ ಬೀಳುತ್ತದೆ.

ಕೂರಿಸುವಾಗ ಏನು ನೋಡಬೇಕು

ಈ ಕೆಲಸವನ್ನು ಡಯಲ್ ಗೇಜ್ ಇಲ್ಲದ ಗ್ಯಾರೇಜಿಗೆ ಕೊಡಬೇಡಿ. 'ಕೈಯಲ್ಲೇ ಗೊತ್ತಾಗುತ್ತೆ ಬಿಡಿ ಸಾರ್' ಎನ್ನುವ ಮೇಸ್ತ್ರಿ ಉಳಿದೆಲ್ಲ ಕೆಲಸದಲ್ಲಿ ಎಷ್ಟೇ ನಿಪುಣನಾಗಿರಲಿ, ಇಲ್ಲಿ ಕೈಗೆ ಗೊತ್ತಾಗದ ಅಳತೆಗಳಿವೆ. ಸೆಟ್ ಜೊತೆಗೆ ಪಿನಿಯನ್ನಿನ ಎರಡು ಬೇರಿಂಗ್, ಕ್ಯಾರಿಯರ್ ಬೇರಿಂಗ್, ಪಿನಿಯನ್ ಆಯಿಲ್ ಸೀಲ್, ಹೊಸ ಕ್ರಷ್ ಸ್ಲೀವ್, ಹೊಸ ಪಿನಿಯನ್ ನಟ್, ಕ್ರೌನ್ ಬೋಲ್ಟ್‌ಗಳು, ಶಿಮ್ (ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆ) ಸೆಟ್ ಇವೆಲ್ಲ ಮೊದಲೇ ಮೇಜಿನ ಮೇಲಿರಬೇಕು. ಹಳೇ ಬೇರಿಂಗ್ ಚೆನ್ನಾಗಿದೆ ಎಂದು ಉಳಿಸಿಕೊಳ್ಳುವುದು ಸುಳ್ಳು ಉಳಿತಾಯ.

ಮೊದಲ ಅಳತೆ ಪಿನಿಯನ್ ಆಳ. ಒಳ ಬೇರಿಂಗ್ ಹಿಂದಿನ ಶಿಮ್ ಇದನ್ನು ತೀರ್ಮಾನಿಸುತ್ತದೆ. ಹಳೇ ಪಿನಿಯನ್ ಹಿಂದೆ ಇದ್ದ ಶಿಮ್ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು ಅಲ್ಲಿಂದ ಶುರು ಮಾಡುವುದು ರೂಢಿ. ಎರಡನೆಯದು ಪಿನಿಯನ್ ಬೇರಿಂಗ್‌ನ ಬಿಗಿ. ನಟ್ ಬಿಗಿದಂತೆ ಕ್ರಷ್ ಸ್ಲೀವ್ ಕುಗ್ಗುತ್ತ ಬೇರಿಂಗ್ ಮೇಲೆ ಒತ್ತಡ ಬರುತ್ತದೆ. ಹೊಸ ಬೇರಿಂಗ್‌ಗೆ ಈ ಬಗೆಯ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ 1.7ರಿಂದ 4 ನ್ಯೂಟನ್ ಮೀಟರ್ ತಿರುಗುವ ತಡೆ ಇರಬೇಕು. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಇದನ್ನು ಅಳೆಯುವ ರೆಂಚ್ ಇಲ್ಲದಿದ್ದರೆ ಸ್ಪ್ರಿಂಗ್ ತಕ್ಕಡಿ ಸಾಕು. ಪಿನಿಯನ್ ಫ್ಲ್ಯಾಂಜಿಗೆ ದಾರ ಸುತ್ತಿ ತಕ್ಕಡಿಯಿಂದ ನಿಧಾನವಾಗಿ ಎಳೆಯಿರಿ. ದಾರ ಸುತ್ತಿದ ಜಾಗ ನಡುವಿನಿಂದ 5 ಸೆಂ.ಮೀ. ದೂರವಿದ್ದರೆ, ಒಂದೇ ಸಮನೆ ತಿರುಗುವಾಗ ತಕ್ಕಡಿ 4 ಕಿಲೋ ತೋರಿಸಿದರೆ ಅದು ಸುಮಾರು 2 ನ್ಯೂಟನ್ ಮೀಟರ್. ಶುರುವಿನ ಜಗ್ಗನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಟ್ ಕೂದಲೆಳೆಯಷ್ಟು ಹೆಚ್ಚು ತಿರುಗಿ ಬಿಗಿ ಮೀರಿತೋ, ನಟ್ ಸಡಿಲ ಮಾಡಿ ಸರಿಮಾಡಿದೆ ಎಂದುಕೊಳ್ಳಬೇಡಿ. ಕುಗ್ಗಿದ ಸ್ಲೀವ್ ಮತ್ತೆ ಹಿಗ್ಗುವುದಿಲ್ಲ, ಹೊಸದು ಹಾಕಬೇಕು. ಎರಡು ಸ್ಲೀವ್ ತಂದಿಟ್ಟುಕೊಳ್ಳುವುದು ಇದಕ್ಕೇ.

ಮೂರನೆಯದು ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲ. ಪಿನಿಯನ್ ಅಲುಗಾಡದಂತೆ ಹಿಡಿದು, ಕ್ರೌನ್ ಹಲ್ಲಿಗೆ ಡಯಲ್ ಗೇಜ್ ನೆಟ್ಟಗೆ ತಾಗಿಸಿ ಹಿಂದೆ ಮುಂದೆ ಆಡಿಸಿದರೆ 0.15ರಿಂದ 0.25 ಮಿ.ಮೀ. ಸಿಗಬೇಕು. ಕ್ರೌನಿನ ಸುತ್ತ ನಾಲ್ಕು ಕಡೆ ನೋಡಿ. ಒಂದು ಕಡೆ 0.15, ಎದುರುಗಡೆ 0.25 ಬಂದರೆ ಕ್ರೌನ್ ಕೂತ ಮುಖದಲ್ಲಿ ಕಸವೋ ಬೋಲ್ಟ್ ಗಂಟೋ ಸಿಕ್ಕಿಕೊಂಡಿದೆ, ಬಿಚ್ಚಿ ಒರೆಸಿ.

ಕೊನೆಯ ತೀರ್ಪು ಹಲ್ಲಿನ ಮೇಲಿನ ಗುರುತು. ಗೇರ್ ಮಾರ್ಕಿಂಗ್ ಪೇಸ್ಟನ್ನು ಕ್ರೌನಿನ ಮೂರು-ನಾಲ್ಕು ಹಲ್ಲಿನ ಎರಡೂ ಬದಿಗೆ ತೆಳ್ಳಗೆ ಹಚ್ಚಿ. ಕ್ರೌನಿಗೆ ಮರದ ತುಂಡು ಒತ್ತಿ ಹಿಡಿದು ತಡೆ ಕೊಟ್ಟು, ಪಿನಿಯನನ್ನು ಎರಡೂ ದಿಕ್ಕಿಗೆ ತಿರುಗಿಸಿ. ಪೇಸ್ಟ್ ಒರೆಸಿಹೋದ ಜಾಗ ಮೊಟ್ಟೆಯಾಕಾರದಲ್ಲಿ ಹಲ್ಲಿನ ಎತ್ತರದ ನಡುವೆ ಕಂಡರೆ ಆಳ ಸರಿ. ಗುರುತು ಹಲ್ಲಿನ ತುದಿಯಲ್ಲೇ ಗೆರೆಯಂತೆ ನಿಂತಿದ್ದರೆ ಪಿನಿಯನ್ ದೂರ ಇದೆ, ಶಿಮ್ ಹೆಚ್ಚಿಸಿ. ಬುಡದಲ್ಲಿ ಒತ್ತಿಕೊಂಡಿದ್ದರೆ ಪಿನಿಯನ್ ಹೆಚ್ಚು ಒಳಗೆ ಹೋಗಿದೆ, ಶಿಮ್ ಕಡಿಮೆ ಮಾಡಿ. ಉದ್ದದಲ್ಲಿ ಒಂದಿಷ್ಟು ಆ ಕಡೆ ಈ ಕಡೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಎತ್ತರವೇ ಮುಖ್ಯ. ಶಿಮ್ ಬದಲಿಸಿದ ಪ್ರತಿ ಸಲ ಬ್ಯಾಕ್‌ಲ್ಯಾಶ್ ಮತ್ತೆ ಅಳೆಯಬೇಕು. ನಾಲ್ಕೈದು ಸಲ ಬಿಚ್ಚಿ ಹಾಕುವುದು ಸಹಜ, ಅದಕ್ಕೇ ಒಂದು ಹಳೇ ಬೇರಿಂಗಿನ ಒಳಗನ್ನು ಸಲೀಸಾಗಿ ಜಾರುವಂತೆ ಉಜ್ಜಿ, ಹೊಂದಿಸುವವರೆಗೆ ಅದನ್ನೇ ಬಳಸುತ್ತಾರೆ. ಸರಿಯಾದ ಗುರುತಿನ ಫೋಟೋ ತೆಗೆದು ಕಳಿಸಲು ಗ್ಯಾರೇಜಿನವರಿಗೆ ಮೊದಲೇ ಹೇಳಿಡಿ. ಕವರ್ ಮುಚ್ಚಿದ ಮೇಲೆ ಕೇಳಿ ಫಲವಿಲ್ಲ.

ಕ್ರೌನ್ ಬೋಲ್ಟ್‌ಗಳಿಗೆ ಥ್ರೆಡ್‌ಲಾಕ್ ಹಚ್ಚಿ, ಎದುರುಬದುರಾಗಿ, ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಸಿ. ಇಂಪ್ಯಾಕ್ಟ್ ಗನ್ನಿನಿಂದ ಕ್ರೌನನ್ನು ಎಳೆದು ಕೂರಿಸುವ ಅಭ್ಯಾಸ ಕೆಲವೆಡೆ ಇದೆ. ಕ್ರೌನ್ ಓರೆಯಾಗುವುದು, ಬೋಲ್ಟ್ ಕುತ್ತಿಗೆ ಹಿಗ್ಗುವುದು ಅಲ್ಲೇ.

ಹೌಸಿಂಗ್ ಹೇಗೂ ಬಿಚ್ಚಿದಾಗ ಬ್ರೀದರ್ (ಆಕ್ಸಲ್ ಒಳಗೆ ಗಾಳಿಯಾಡುವ) ಪೈಪನ್ನು ಎಂಜಿನ್ ಕೋಣೆಯ ಮೇಲಿನವರೆಗೆ ಎಳೆದುಬಿಡಿ. ಬಿಸಿ ಆಕ್ಸಲ್ ತಣ್ಣನೆಯ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಮೂಲಕ ನೀರು ಹೀರುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದೇ ನಡೆದಿದೆ.

ಆಮೇಲೆ

ಆಯಿಲ್ ಜಿಎಲ್-5 ದರ್ಜೆಯ 80ಡಬ್ಲ್ಯು-90, ಅಥವಾ ತಯಾರಕರು ಹೇಳಿದ್ದು. ಮೊದಲ ಓಟ ಇಪ್ಪತ್ತು-ಮೂವತ್ತು ಕಿ.ಮೀ., ನೈಸ್ ರಸ್ತೆಯಂಥ ಕಡೆ ಮಧ್ಯಮ ವೇಗದಲ್ಲಿ, ಒಂದೇ ಸಮ ಓಡಿಸದೆ ಸ್ವಲ್ಪ ಏರಿಸಿ ಇಳಿಸಿ. ನಿಲ್ಲಿಸಿ ಅರ್ಧ ಗಂಟೆ ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು-ಮೂರು ಸಲ. ಹೊಸ ಹಲ್ಲುಗಳು ಒಂದಕ್ಕೊಂದು ಉಜ್ಜಿ ಕೂರುವಾಗ ವಿಪರೀತ ಕಾಯುತ್ತವೆ. ಹಾಕಿಸಿದ ದಿನವೇ ಸಾಮಾನು ತುಂಬಿಕೊಂಡು ಶಿರಾಡಿ ಘಟ್ಟಕ್ಕೆ ಹೊರಟರೆ ಆ ಕಾವಿಗೆ ಹಲ್ಲಿನ ಗಟ್ಟಿ ಮೇಲ್ಮೈ ಮೆತ್ತಗಾಗುತ್ತದೆ. ಮೊದಲ 800 ಕಿ.ಮೀ. ಎಳೆಯುವ ಕೆಲಸ, ಕೆಸರಾಟ ಎರಡೂ ಬೇಡ.

ಮುಂದೆ ಹಿಂದೆ ರೇಶಿಯೋ ಒಂದೇ ಇದೆಯೇ ಎಂದು ಮೊದಲ ಬಾರಿ ಫೋರ್ ವೀಲ್ ಹಾಕುವ ಮುನ್ನವೇ ನೋಡಿ. ಟೂ ವೀಲ್‌ನಲ್ಲಿ ಗಾಡಿಯನ್ನು ತಳ್ಳಿ, ಚಕ್ರ ಹತ್ತು ಸುತ್ತು ಬರುವಾಗ ಎರಡೂ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ತಿರುಗಿದವು ಎಂದು ಎಣಿಸಿ. ಮುಂದಿನ ಹಬ್ ಅಥವಾ ಆಕ್ಸಲ್ ಬಿಟ್ಟುಕೊಳ್ಳುವ ಬಗೆಯದಾದರೆ ಮೊದಲು ಅದನ್ನು ಲಾಕ್ ಮಾಡಿ. ಎರಡಕ್ಕೂ ಒಂದೇ ಎಣಿಕೆ ಬರಬೇಕು. ಐದೂ ಟೈರ್, ಸ್ಟೆಪ್ನಿ ಸೇರಿ, ಒಂದೇ ಸೈಜ್ ಇರಲಿ.

ಸ್ಪೀಡೋಮೀಟರ್ ಎಲ್ಲಿಂದ ವೇಗ ಓದುತ್ತದೆ ಎಂಬುದರ ಮೇಲೆ ಅದರ ತಪ್ಪು ನಿಂತಿದೆ. ಎಬಿಎಸ್‌ನ ಚಕ್ರದ ಸೆನ್ಸರ್‌ನಿಂದ ಓದುವ ಗಾಡಿಯಲ್ಲಿ ಕ್ರೌನ್-ಪಿನಿಯನ್ ಬದಲಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ, ಟೈರ್ ಮಾತ್ರ ಲೆಕ್ಕ. 245/75ರಿಂದ 285/75ಕ್ಕೆ ಹೋದ ಗಾಡಿಯಲ್ಲಿ ಮೊದಲು ಮೀಟರ್ ನಿಖರವಾಗಿತ್ತು ಎಂದಾದರೆ, ಮುಳ್ಳು 95ರಲ್ಲಿದ್ದಾಗ ನಿಜ ವೇಗ 102. ಮೈಸೂರು ಹೆದ್ದಾರಿಯ 100ರ ಮಿತಿಗೆ ಕ್ಯಾಮೆರಾ ಚಲನ್ ಕಳಿಸಲು ಅಷ್ಟು ಸಾಕು. ಗೇರ್‌ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸಿನಿಂದ ಓದುವ ಹಳೇ ಗಾಡಿಯಲ್ಲಿ ಟೈರೂ ರೇಶಿಯೋ ಎರಡೂ ಸೇರಿ ಒಂದನ್ನೊಂದು ಬಹುಮಟ್ಟಿಗೆ ಹೊಡೆದುಹಾಕುತ್ತವೆ: ಮೇಲಿನ ಉದಾಹರಣೆಗೆ 4.56 ಹಾಕಿದಾಗ ಮೀಟರ್ 80 ತೋರಿಸಿದರೆ ನಿಜ 77.5. ಎಲೆಕ್ಟ್ರಾನಿಕ್ಸ್ ತುಂಬಿದ ಆಟೋಮ್ಯಾಟಿಕ್ ಗಾಡಿಗೆ ಹೊಸ ಅಂಕಿಗಳನ್ನು ಇಸಿಯುಗೆ (ಗಾಡಿಯ ಕಂಪ್ಯೂಟರ್) ತಿಳಿಸುವ ವ್ಯವಸ್ಥೆ ಇದೆಯೇ ಎಂದು ಸೆಟ್ ಕೊಳ್ಳುವ ಮೊದಲೇ ವಿಚಾರಿಸಿ. ಎಂಜಿನ್ ಸುತ್ತು, ಚಕ್ರದ ಸುತ್ತು ತಾಳೆಯಾಗದೆ ಎಚ್ಚರಿಕೆ ದೀಪ ಹೊತ್ತಿಕೊಂಡು ಗೇರ್ ಬದಲಾವಣೆಯೇ ಅಡ್ಡಾದಿಡ್ಡಿಯಾಗಬಹುದು.

ಕಾನೂನಿನ ವಿಷಯ ಚಿಕ್ಕದು, ಕಡೆಗಣಿಸುವಂಥದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕಿಂತ ಗಾಡಿ ಬೇರೆಯಾಗುವಂಥ ಮಾರ್ಪಾಡಿಗೆ ಅವಕಾಶವಿಲ್ಲ. ಆಕ್ಸಲ್ ಒಳಗಿರುವುದು ಯಾರಿಗೂ ಕಾಣದು, ಫೆಂಡರಿನ ಹೊರಗೆ ಚಾಚಿದ ಟೈರ್ ಎಲ್ಲರಿಗೂ ಕಾಣುತ್ತದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಅದನ್ನೇ. ದಿನನಿತ್ಯ ರಸ್ತೆಗಿಳಿಯುವ ಗಾಡಿಯಾದರೆ ತಯಾರಕರ ಪಟ್ಟಿಯಲ್ಲಿರುವ ಸೈಜಿನೊಳಗೇ ಇರಿ. ಆಗ ಬಹುಪಾಲು ರೇಶಿಯೋ ಬದಲಿಸುವ ಪ್ರಮೇಯವೂ ಬರುವುದಿಲ್ಲ.

800 ಕಿ.ಮೀ. ಮುಗಿದಾಗ ಎರಡೂ ಆಕ್ಸಲ್‌ನ ಆಯಿಲ್ ಬಿಸಿಯಿರುವಾಗಲೇ ಇಳಿಸಿ, ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ನೋಡಿ. ವಿಭೂತಿಯಂಥ ನುಣ್ಣನೆ ಬೂದು ಪುಡಿ ಅಂಟಿದ್ದರೆ ಒರೆಸಿ ಹೊಸ ಆಯಿಲ್ ತುಂಬಿ. ಬೆರಳ ನಡುವೆ ಉಜ್ಜಿದಾಗ ಚುಚ್ಚುವ ಚೂರು ಸಿಕ್ಕರೆ, ಅಥವಾ 60-70ರ ವೇಗದಲ್ಲಿ ಕಾಲು ಒತ್ತಿದಾಗ ಶುರುವಾಗಿ ಕಾಲು ತೆಗೆದಾಗ ನಿಲ್ಲುವ ಗುಂಯ್ ಸದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಆಯಿಲ್ ತುಂಬುವ ಮೊದಲು ಕವರ್ ಬಿಚ್ಚಿಸಿ ಪೇಸ್ಟಿನ ಗುರುತನ್ನು ಆ ಫೋಟೋ ಜೊತೆ ಹೋಲಿಸಿ.